ಒಂದು ದೊಡ್ಡ ಸಂಖ್ಯೆಯ ಗುಟ್ಟು

ಎರಡನ್ನು ವರ್ಗಮಾಡಿದರೆ ೪, ಅದನ್ನು ವರ್ಗಮಾಡಿದರೆ ೧೬. ಹೀಗೆಯೇ ಮುಂದೆ ೨೫೬, ೬೫,೫೩೬. ಮೊದಲಿನ ಎರಡನ್ನೂ ಸೇರಿಸಿಕೊಂಡು ಈ ಐದಕ್ಕೂ ಒಂದೊಂದನ್ನು ಕೂಡಿಸಿದರೆ ೩, ೫, ೧೭, ೨೫೭, ೬೫,೫೩೭ ಎಂಬ ಸಂಖ್ಯೆಗಳಾಗುತ್ತವೆ. ಇವು ಐದೂ ಅವಿಭಾಜ್ಯಗಳು. ಎಂದರೆ, ಒಂದನ್ನೂ ತಮ್ಮನ್ನೂ ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗತಕ್ಕವಲ್ಲ. ಇನ್ನೊಂದು ಮೆಟ್ಟಿಲು ಏರಿದರೆ ದೊರೆಯುವುದು ೪೨೯,೪೯,೬೭,೨೯೭. ಬಾಯಲ್ಲಿ ಹೇಳುವುದಾದರೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷದ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಇದೂ ಅವಿಭಾಜ್ಯವೆ?

ಹೌದೆಂದೇ ಫರ್ಮಾ ಎಂಬ ಫ್ರೆಂಚ್ ಗಣಿತಜ್ಞನು ೧೬೪೦ರಲ್ಲಿ ನಂಬಿದನು. ಈ ಶ್ರೇಣಿಯ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂಬುದು ಆತನ ಮತ. ಆದರೆ ಅದಕ್ಕೆ ಸಾಧನೆ ತನಗೆ ದೊರೆತಿಲ್ಲವೆಂಬುದನ್ನು ಆತನು ಮರೆಮಾಚಲಿಲ್ಲ. ಸುಮಾರು ತೊಂಬತ್ತು ವರ್ಷಗಳ ತರುವಾಯ, ೧೭೩೨ರಲ್ಲಿ, ಆಯ್ಲರನು ಈ ಸಂಖ್ಯೆಯು ೬೪೧ ಮತ್ತು ೬೭,೦೦,೪೧೭ ಇವುಗಳ ಗುಣಲಬ್ಧವೆಂದು ತೋರಿಸಿದನು.

ಇಷ್ಟು ದೊಡ್ಡ ರಾಶಿಯಲ್ಲಿ ೬೪೧ ಸಿಕ್ಕಿದ್ದು ಹೇಗೆ? ಇದರ ಭಾಜಕ ಯಾವುದೇ ಇರಲಿ, ಅದನ್ನು ೬೪ರಿಂದ ಭಾಗಿಸಿದರೆ ಶೇಷ ಒಂದೇ ಆಗಿರಬೇಕೆಂಬ ನಿಯಮವುಂಟು. ಅಂಥ ಅವಿಭಾಜ್ಯಗಳು ಕ್ರಮವಾಗಿ ೧೯೩, ೨೫೭, ೪೪೯, ೫೭೭, ೬೪೧. ಐದನೆಯ ಪರೀಕ್ಷೆಯಲ್ಲಿಯೇ ಬಾಗಿಲು ತೆರೆಯುತ್ತದೆ!

ಭಾಗಾಕಾರವನ್ನೇ ಮಾಡದೆಯೂ ಇದನ್ನು ಕಾಣಬಹುದು. ೬೨೫ಕ್ಕೆ ೧೬ ಕೂಡಿಸಿದರೂ ೬೪೧, ೬೪೦ಕ್ಕೆ ೧ ಕೂಡಿಸಿದರೂ ೬೪೧. ಇಪ್ಪತ್ತೆಂಟು ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದುದನ್ನು ೬೪೧ರಿಂದ ಗುಣಿಸೋಣ. ಈ ಫಲದಲ್ಲಿ ಎರಡು ಭಾಗಗಳಿವೆ. ೬೨೫ರಿಂದ ಗುಣಿಸಿದ ಭಾಗವು ೬೪೦ರ ನಾಲ್ಕನೆಯ ಘಾತವೇ. ಏಕೆಂದರೆ ೬೪೦ ಎಂಬುದು ಒಂದು ಐದು ಮತ್ತು ಏಳು ಎರಡುಗಳ ಗುಣಲಬ್ಧ. ೧೬ರಿಂದ ಗುಣಿಸಿದ ಭಾಗವು ಮೂವತ್ತೆರಡು ಎರಡುಗಳ ಗುಣಲಬ್ಧ. ನಮ್ಮ ಸಂಖ್ಯೆಗಿಂತ ಒಂದು ಮಾತ್ರ ಕಡಿಮೆ. ಇನ್ನು, ಯಾವ ಸಂಖ್ಯೆಯ ನಾಲ್ಕನೆಯ ಘಾತದಿಂದಲೇ ಆಗಲಿ ಒಂದನ್ನು ಕಳೆದರೆ, ಉಳಿದುದು ಆ ಸಂಖ್ಯೆಗಿಂತ ಒಂದು ಹೆಚ್ಚಾದುದರಿಂದ ಭಾಗವಾಗುತ್ತದೆಂದು ಬೀಜಗಣಿತವು ಹೇಳುತ್ತದೆ. ಆದುದರಿಂದ ೬೪೦ರ ನಾಲ್ಕನೆಯ ಘಾತದಿಂದ ಒಂದನ್ನು ಕಳೆದುದು ೬೪೧ರಿಂದ ಭಾಗವಾಗಬೇಕು. ಇದನ್ನು ಮೊದಲಿನ ಫಲದಿಂದ ಕಳೆದರೆ ಉಳಿಯುವುದು ನಮ್ಮ ಸಂಖ್ಯೆಯೇ. ಅದೂ ೬೪೧ರಿಂದ ಭಾಗವಾಗಲೇಬೇಕಷ್ಟೆ.

ಹಾಗೆಂದು ಫರ್ಮಾನ ಸಂಖ್ಯೆಗಳು ವ್ಯರ್ಥವಾಗಲಿಲ್ಲ. ೧೭೯೬ರಲ್ಲಿ ಹದಿನೆಂಟು ವರ್ಷದ ಗೌಸನು, ಹದಿನೇಳು ಭುಜಗಳ ಸಮಬಹುಭುಜವನ್ನು ಅಳತೆಪಟ್ಟಿ ಕೈವಾರಗಳಿಂದಲೇ ರಚಿಸಬಹುದೆಂದು ಕಂಡನು. ಭುಜಗಳ ಸಂಖ್ಯೆಯು ಫರ್ಮಾನ ಅವಿಭಾಜ್ಯಗಳಲ್ಲಿ ಯಾವುದಾದರೂ ಒಂದಾಗಿದ್ದರೆ ಅಂಥ ರಚನೆ ಸಾಧ್ಯ. ಆದರೆ ಆರನೆಯ ಅವಿಭಾಜ್ಯವು ಇಂದಿಗೂ ದೊರೆತಿಲ್ಲ. ನಮ್ಮ ಸಂಖ್ಯೆಯ ಮುಂದಿನ ಇಪ್ಪತ್ತೇಳೂ ಭಾಜ್ಯಗಳೆಂದೇ ತಿಳಿದುಬಂದಿವೆ. ಹಾಗಾದರೆ ಉಳಿದವೆಲ್ಲವೂ ಭಾಜ್ಯಗಳೆನ್ನೋಣವೆ? ಐದು ನಿದರ್ಶನಗಳನ್ನು ನೆಚ್ಚಿ ಫರ್ಮಾನಂಥವನೇ ಎಡವಿದನು. ಇಪ್ಪತ್ತೇಳನ್ನು ನೆಚ್ಚುವುದಕ್ಕೂ ಗಣಿತವು ಒಪ್ಪುವುದಿಲ್ಲ. ಅದು ಕೇಳುವುದು ಸಾಧನೆಯನ್ನು. ಅದನ್ನು ಈವರೆಗೆ ಯಾರೂ ಕೊಟ್ಟಿಲ್ಲ.