ನಿಮಗಿದು ಗೊತ್ತೆ? ಉಗುರಿನ ಬಣ್ಣ ಕೊಟ್ಟ ಅನ್ನ

ಅಮೆರಿಕದ ನೇಲ್ ಸಲೂನ್‌ಗಳಲ್ಲಿ ದುಡಿಯುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ವಿಯೆಟ್ನಾಂ ಮೂಲದವರು. ಅವರಲ್ಲಿ ಹೆಂಗಸರೇ ಹೆಚ್ಚು.

1975ರಲ್ಲಿ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಪತನವಾದ ಮೇಲೆ ಉಟ್ಟ ಬಟ್ಟೆಯಲ್ಲೇ ದೇಶ ಬಿಟ್ಟವರು ಎಷ್ಟೋ ಮಂದಿ. ಅಂಥ ಕೆಲವು ಕುಟುಂಬಗಳಿಗೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿಯ ‘ಹೋಪ್ ವಿಲೇಜ್’ ಶಿಬಿರ ಆಸರೆ ಕೊಟ್ಟಿತು. ಹಿಚ್‌ಕಾಕ್ ನಿರ್ದೇಶನದ ‘ದಿ ಬರ್ಡ್ಸ್’ ಚಿತ್ರದ ನಾಯಕಿ ಟಿಪ್ಪಿ ಹೆಡ್ರನ್ ಅಲ್ಲಿಗೆ ಹೋಗಿಬರುತ್ತಿದ್ದರು. ಈ ಹೆಂಗಸರಿಗೆ ಯಾವ ಕಸುಬು ಕಲಿಸುವುದೆಂದು ಹುಡುಕುತ್ತಿದ್ದಾಗ, ಎಲ್ಲರ ಕಣ್ಣೂ ತಮ್ಮ ನೀಳವಾದ ಬಣ್ಣದ ಉಗುರುಗಳ ಮೇಲಿರುವುದನ್ನು ಗಮನಿಸಿದರು. ತಮ್ಮ ಉಗುರು ಅಲಂಕಾರ ಮಾಡುತ್ತಿದ್ದಾಕೆಯನ್ನೇ ಶಿಬಿರಕ್ಕೆ ಕರೆತಂದರು. 20 ಮಹಿಳೆಯರು ಕಲಿತು ಪರವಾನಗಿ ಪಡೆದರು.

ಮುಂದೆ ಈ ಕಸುಬು ಅಕ್ಕನಿಂದ ತಂಗಿಗೆ, ಚಿಕ್ಕಮ್ಮನಿಂದ ಮಗಳಿಗೆ ದಾಟಿತು. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಕೆಲಸ ನಡೆಯುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಪರೀಕ್ಷೆಯನ್ನೂ ವಿಯೆಟ್ನಾಮಿ ಭಾಷೆಯಲ್ಲೇ ಬರೆಯಬಹುದು. ಎಷ್ಟೋ ಮನೆಗಳಲ್ಲಿ ತಾಯಿಯ ಗಳಿಕೆಯೇ ಮುಖ್ಯವಾಯಿತು. ತವರಿಗೆ ಹಣ ಹೋಯಿತು, ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದರು. ಗಂಡಸರೂ ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಇದೇ ಕೆಲಸ ಕಲಿತರು. ವಲಸೆ ಬಂದ ಹೆಣ್ಣುಮಕ್ಕಳ ದುಡಿಮೆಯ ಈ ಕಥೆ ಇತಿಹಾಸದ ಪುಸ್ತಕಗಳಲ್ಲಿ ಇನ್ನೂ ದೊಡ್ಡ ಜಾಗ ಪಡೆಯಬೇಕಿತ್ತು.

ಅಂದ ಹಂಚುವವರ ಆರೋಗ್ಯಕ್ಕೆ ಮಾತ್ರ ಪೆಟ್ಟು ಬಿತ್ತು. ನೇಲ್ ಪಾಲಿಶ್‌ನಲ್ಲಿದ್ದ ಟಾಲ್ಯುಯೀನ್, ಫಾರ್ಮಾಲ್ಡಿಹೈಡ್‌ಗಳ ಆವಿಯನ್ನು ದಿನವಿಡೀ ಉಸಿರಾಡಿ ತಲೆನೋವು, ಚರ್ಮದ ತುರಿಕೆಯಿಂದ ಬಳಲಿದವರು ಬಹಳ. ಇವರ ಪರವಾಗಿ ಕ್ಯಾಲಿಫೋರ್ನಿಯಾದಲ್ಲಿ 2005ರಲ್ಲಿ ಆರಂಭವಾದ ಒಕ್ಕೂಟವೊಂದು ಸುರಕ್ಷಿತ ಸಲೂನ್‌ಗಳಿಗಾಗಿ ಹೋರಾಡುತ್ತಿದೆ.