ಮಕ್ಕಳ ಮಿದುಳೂ ಅದರ ವಿದ್ಯುತ್ತರಂಗಗಳೂ

ನಮ್ಮ ಜಾವಳಿಯಲ್ಲಿ ಹೇಮಾವತಿಯು ಹುಟ್ಟುವಳೆಂಬುದು ವಾಚಕರಿಗೆ ವಿದಿತವೇ. ಮೇಲಣ ಒರತೆ ಕಟ್ಟಿದರೆ ಕೆಳಗಣ ಗದ್ದೆ ಬಾಡುವಂತೆ, ರಕ್ತನಾಳವು ಸಂಕುಚಿತವಾದರೆ ಮಿದುಳು ಬಾಡುವುದು. ಈ ವ್ಯಾಧಿಯು ವೃದ್ಧರಿಗೆ ಮಾತ್ರವಲ್ಲ, ಮಕ್ಕಳಿಗೂ ಉಂಟು.

ಇಂತಹ ವ್ಯಾಧಿಗಳಲ್ಲೊಂದು ‘ಮೊಯಮೊಯ’. ತಲೆಯೊಳಗಣ ದೊಡ್ಡ ನಾಳಗಳು ಕಿರಿದಾಗಲು, ಸಣ್ಣ ನಾಳಗಳು ಹೆಣೆದುಕೊಂಡು ಚಿತ್ರದಲ್ಲಿ ಹೊಗೆಯಂತೆ ತೋರುವುವು. ಆ ಹೊಗೆಯೇ ಈ ಜಪಾನೀ ಹೆಸರಿಗೆ ಮೂಲವು. ಮಗುವು ಬಿಕ್ಕಿ ಅತ್ತಾಗ ಅಥವಾ ಒಲೆಯನ್ನು ಬಲವಾಗಿ ಊದಿದಾಗ ರಕ್ತದಲ್ಲಿ ಇಂಗಾಲಾಮ್ಲವಾಯುವು ಕಡಿಮೆಯಾಗಿ, ನಾಳಗಳು ಮತ್ತಷ್ಟು ಕುಗ್ಗುವುವು. ಒಂದು ಕೈ ಸ್ವಲ್ಪ ಹೊತ್ತು ಶಕ್ತಿಗುಂದುವುದುಂಟು.

1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯನು ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಮೊದಲು ದಾಖಲಿಸಿದನು. ಅದೇ ಇಂದಿನ ಇ.ಇ.ಜಿ. ಪರೀಕ್ಷೆ. ವೇಗವಾಗಿ ಉಸಿರಾಡಿಸಿದರೆ ಆರೋಗ್ಯವಂತ ಮಕ್ಕಳಲ್ಲಿಯೂ ಮಂದ ತರಂಗಗಳೇಳುವುವು. ಉಸಿರು ಸಮವಾದ ಬಳಿಕ ಅಡಗುವುವು. ಈ ರೋಗವುಳ್ಳ ಅನೇಕ ಮಕ್ಕಳಲ್ಲಿ ಅವು ಅಡಗಿ, ಪುನಃ ಏಳುವುವು. ಆದರೆ ನಾಳದ ಸ್ಥಿತಿಯನ್ನು ನಿಶ್ಚಯಿಸತಕ್ಕವು ಎಂ.ಆರ್.ಐ. ಮೊದಲಾದ ಚಿತ್ರಗಳೇ. ಇಂತಹ ಉಸಿರಾಟವು ರೋಗಿಗೆ ಅಪಾಯಕರ. ಮನೆಯಲ್ಲಿ ಎಂದಿಗೂ ಮಾಡಿಸಕೂಡದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆಗಳೆರಡೂ ಉಂಟು. ಮಿದುಳಿಗೆ ಹೊಸ ರಕ್ತಮಾರ್ಗವನ್ನು ಕಲ್ಪಿಸುವ ಶಸ್ತ್ರಚಿಕಿತ್ಸೆಯೂ ಇದೆ.

ನಾವು ಉಪಾಧ್ಯಾಯರಾಗಿದ್ದಾಗ, ಅತ್ತ ಬಳಿಕ ಕೈಯಿಂದ ಬಳಪ ಜಾರಿಸುತ್ತಿದ್ದ ಬಾಲಕನೊಬ್ಬನನ್ನು ಸೋಮಾರಿಯೆಂದು ಗದರಿಸಿದ್ದೆವು. ಅವನಿಗೆ ಏನಿತ್ತೋ ಅರಿಯೆವು, ಕೇಳಲೂ ಇಲ್ಲ. ಆ ಗದರಿಕೆಯು ಇಂದು ನಮ್ಮನ್ನೇ ಚುಚ್ಚುತ್ತಿದೆ. ತಾಯಂದಿರೇ, ಮಗುವಿನ ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ದೃಷ್ಟಿ ತೆಗೆಯುತ್ತ ಕೂಡಬೇಡಿರಿ. ಅದು ಕ್ಷಣದಲ್ಲಿ ಸರಿಹೋದರೂ ಸರಿಯೇ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ. ಘಟ್ಟದ ದಾರಿ ದೀರ್ಘ. ಮಿದುಳಿಗೆ ಕಾಯುವ ತಾಳ್ಮೆಯಿಲ್ಲ.