ಡೆನ್ಮಾರ್ಕಿನ ರೈತನೂ ನಮ್ಮ ರೈತನೂ: ಎರಡು ದೇಶಗಳ ಜೀವನಸ್ಥಿತಿಯ ತುಲನೆ

ಯೂರೋಪ್ ಖಂಡದ ಉತ್ತರ ಭಾಗದಲ್ಲಿ ಡೆನ್ಮಾರ್ಕ್ ಎಂಬ ಒಂದು ಸಣ್ಣ ದೇಶವಿರುತ್ತದೆ. ಇದರ ವಿಸ್ತೀರ್ಣವು ಸುಮಾರು ೪೩,೦೦೦ ಚದರ ಕಿಲೋಮೀಟರ್. ಎಂದರೆ ನಮ್ಮ ಕರ್ನಾಟಕದ ನಾಲ್ಕನೆಯ ಒಂದು ಪಾಲಿಗೂ ಕಡಿಮೆ. ಜನಸಂಖ್ಯೆ ಸುಮಾರು ೬೦ ಲಕ್ಷ. ಅಲ್ಲಿ ಕಬ್ಬಿಣದ ಗಣಿಗಳಿಲ್ಲ, ಕಲ್ಲಿದ್ದಲಿಲ್ಲ, ದೊಡ್ಡ ನದಿಗಳೂ ಇಲ್ಲ. ಚಳಿಗಾಲದ ತಿಂಗಳುಗಳಲ್ಲಿ ದನಗಳನ್ನು ಕೊಟ್ಟಿಗೆಯಿಂದ ಹೊರಕ್ಕೆ ಬಿಡುವ ಹಾಗಿಲ್ಲ. ಹೀಗಿದ್ದಾಗ್ಯೂ ಆ ದೇಶದವರು ಲೋಕದಲ್ಲಿ ಅತ್ಯಂತ ಅನುಕೂಲಸ್ಥರಾದ ಜನರ ಪಂಕ್ತಿಯಲ್ಲಿ ಸೇರಿರುತ್ತಾರೆ. ನಮ್ಮ ಭಾರತ ದೇಶದಲ್ಲಿಯಾದರೋ ವಿಸ್ತಾರವಾದ ಭೂಮಿಯುಂಟು, ವರ್ಷವೆಲ್ಲಾ ಬಿಸಿಲುಂಟು, ೨೦೧೯ರ ಜಾನುವಾರು ಗಣತಿಯಂತೆ ೩೦ ಕೋಟಿಗೂ ಮಿಕ್ಕಿ ದನ ಎಮ್ಮೆಗಳುಂಟು. ಆದರೂ ಬಹುಮಂದಿ ಒಕ್ಕಲು ಮಕ್ಕಳ ಮನೆಯಲ್ಲಿ ಅನುಕೂಲವು ಸಾಲದಾಗಿರುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು, ಅವರಿಂದ ನಾವು ಕಲಿಯತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದನ್ನು ಹಿಡುವಳಿದಾರರೂ ಗ್ರಾಮದ ಮುಖಂಡರೂ ವಿಚಾರಮಾಡಿ ನೋಡುವುದು ಪ್ರಯೋಜನಕರವಾಗಿರುವುದು.

ಹಣದ ಲೆಕ್ಕವನ್ನು ನೋಡುವ ಬಗೆ

ಒಂದು ದೇಶದಲ್ಲಿ ಒಂದು ವರ್ಷದಲ್ಲಿ ಆಗುವ ಒಟ್ಟು ಹುಟ್ಟುವಳಿಯ ಬೆಲೆಯನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಬೀಳುವ ಸರಾಸರಿ ವರಮಾನವು ದೊರೆಯುತ್ತದೆ. ೨೦೨೩ರಲ್ಲಿ ಈ ಮೊತ್ತವು ಡೆನ್ಮಾರ್ಕಿನಲ್ಲಿ ಸುಮಾರು ೬೮,೦೦೦ ಡಾಲರುಗಳೂ ನಮ್ಮ ದೇಶದಲ್ಲಿ ಸುಮಾರು ೨,೫೦೦ ಡಾಲರುಗಳೂ ಆಗಿದ್ದವು. ಈ ಅಂಕಿಗಳನ್ನು ನೋಡಿದ ಕೂಡಲೆ ಡೆನ್ಮಾರ್ಕಿನವನು ನಮಗಿಂತ ಇಪ್ಪತ್ತೇಳು ಪಾಲು ಸುಖವಾಗಿರುವನೆಂದು ತಿಳಿಯಬಾರದು. ಇಲ್ಲಿ ನೂರು ರೂಪಾಯಿಗೆ ಆಗುವ ಕ್ಷೌರಕ್ಕೆ ಅಲ್ಲಿ ಸಾವಿರಾರು ರೂಪಾಯಿ ತೆರಬೇಕಾಗುತ್ತದೆ. ಮನೆ ಬಾಡಿಗೆ, ಕೂಲಿ, ಊಟದ ವೆಚ್ಚ ಎಲ್ಲವೂ ಅದೇ ರೀತಿ. ಒಂದು ಹಣಕ್ಕೆ ಎಷ್ಟು ಸಾಮಾನು ಬರುತ್ತದೆಂಬುದನ್ನು ಸರಿದೂಗಿಸಿ ಲೆಕ್ಕಮಾಡಿದರೆ ವ್ಯತ್ಯಾಸವು ಏಳೆಂಟು ಪಾಲಿಗೆ ಇಳಿಯುತ್ತದೆ. ಇದೂ ದೊಡ್ಡ ವ್ಯತ್ಯಾಸವೇ ಸರಿ. ಆದರೆ ಮೊದಲಿನದರಷ್ಟು ಅಲ್ಲ.

ಹಣಕ್ಕಿಂತಲೂ ಸ್ಪಷ್ಟವಾದ ಅಳತೆಗಳು ಬೇರೆ ಇರುತ್ತವೆ. ಹುಟ್ಟಿದ ಸಾವಿರ ಶಿಶುಗಳಲ್ಲಿ ಒಂದು ವರ್ಷ ತುಂಬುವುದರೊಳಗಾಗಿ ತೀರಿಕೊಳ್ಳುವವು ಡೆನ್ಮಾರ್ಕಿನಲ್ಲಿ ಸುಮಾರು ಮೂರು. ನಮ್ಮ ದೇಶದಲ್ಲಿ ೨೦೨೦ರ ಲೆಕ್ಕದಂತೆ ೨೮. ಅಲ್ಲಿಯ ಜನರ ಸರಾಸರಿ ಆಯುಸ್ಸು ೮೧ ವರ್ಷಗಳ ಆಸುಪಾಸಿನಲ್ಲಿಯೂ ನಮ್ಮದು ೭೦ರ ಆಸುಪಾಸಿನಲ್ಲಿಯೂ ಇರುತ್ತದೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ಜನರ ಸರಾಸರಿ ಆಯುಸ್ಸು ೩೨ ವರ್ಷಗಳ ಸುಮಾರಿನಲ್ಲಿದ್ದುದನ್ನು ನೆನೆದರೆ ನಾವು ಕ್ರಮಿಸಿರುವ ದಾರಿಯೂ ಅಲ್ಪವಲ್ಲವೆಂದು ತಿಳಿಯುವುದು.

ಅಲ್ಲಿ ಶಾಲೆ, ಕಾಲೇಜು, ಆಸ್ಪತ್ರೆಗಳಿಗೆ ಪ್ರಜೆಗಳು ಬಹುಮಟ್ಟಿಗೆ ಕೈಯಿಂದ ಹಣ ಕೊಡಬೇಕಾಗಿಲ್ಲ. ಆದರೆ ಇದು ಧರ್ಮಾರ್ಥವಾಗಿ ಬಂದದ್ದಲ್ಲ. ದೇಶದ ಹುಟ್ಟುವಳಿಯಲ್ಲಿ ನೂರಕ್ಕೆ ೪೫ರ ಸುಮಾರು ತೆರಿಗೆಯಾಗಿ ಸರ್ಕಾರಕ್ಕೆ ಸಲ್ಲುತ್ತದೆ. ಅಂಗಡಿಯಲ್ಲಿ ಕೊಳ್ಳುವ ರೊಟ್ಟಿ ಬೆಣ್ಣೆಗಳ ಮೇಲೆಯೂ ನೂರಕ್ಕೆ ೨೫ರ ತೆರಿಗೆ ಉಂಟು. ಕೊಟ್ಟ ಹಣವು ಪೋಲಾಗದೆ ತಮಗೇ ಹಿಂತಿರುಗುವುದೆಂಬ ನಂಬಿಕೆಯಿರುವುದರಿಂದಲೇ ಅಲ್ಲಿಯ ಜನರು ಇಷ್ಟು ತೆರಿಗೆಯನ್ನು ಸಹಿಸಿಕೊಂಡಿರುತ್ತಾರೆ.

ನಮ್ಮ ಬಡತನದ ಒಂದು ಮುಖ್ಯ ಲೆಕ್ಕ

ನಮ್ಮ ದೇಶದಲ್ಲಿ ದುಡಿಯುವ ನೂರು ಮಂದಿಯಲ್ಲಿ ಸುಮಾರು ೪೫ ಮಂದಿ ವ್ಯವಸಾಯವನ್ನೂ ಅದಕ್ಕೆ ಸೇರಿದ ಕಸುಬುಗಳನ್ನೂ ಅವಲಂಬಿಸಿರುತ್ತಾರೆ. ಆದರೆ ದೇಶದ ಹುಟ್ಟುವಳಿಯ ನೂರು ರೂಪಾಯಿಗಳಲ್ಲಿ ಇವರ ಪಾಲಿಗೆ ಬರುವುದು ಸುಮಾರು ೧೮ ರೂಪಾಯಿ ಮಾತ್ರ. ಉಳಿದ ೫೫ ಮಂದಿಯ ಪಾಲು ೮೨ ರೂಪಾಯಿ. ತಲೆಗೆ ಹಂಚಿ ನೋಡಿದರೆ, ಹೊಲದಲ್ಲಿ ದುಡಿಯುವವನ ಒಂದು ರೂಪಾಯಿಗೆ ಹೊರಗಿನ ಕಸುಬಿನವನದು ಮೂರೂವರೆ ರೂಪಾಯಿಗೂ ಹೆಚ್ಚಾಗುತ್ತದೆ. ೨೦೧೫-೧೬ರ ಕೃಷಿ ಗಣತಿಯಂತೆ ನಮ್ಮ ದೇಶದ ಸರಾಸರಿ ಹಿಡುವಳಿಯು ಒಂದು ಹೆಕ್ಟೇರಿಗೆ ಸ್ವಲ್ಪ ಮೇಲೆ, ಎಂದರೆ ಎರಡೂಮುಕ್ಕಾಲು ಎಕರೆಗೂ ಕಡಿಮೆ. ಇಷ್ಟು ನೆಲವನ್ನು ತಂದೆಯ ತರುವಾಯ ಮಕ್ಕಳು ಪಾಲುಮಾಡಿಕೊಂಡರೆ ಯಾರ ಸಂಸಾರವೂ ಅದರಿಂದ ಸಾಗಲಾರದು. ಡೆನ್ಮಾರ್ಕಿನಲ್ಲಿ ಈಗ ನೂರಕ್ಕೆ ಇಬ್ಬರೋ ಮೂವರೋ ವ್ಯವಸಾಯದಲ್ಲಿರುತ್ತಾರೆ. ಉಳಿದವರಿಗೆ ಔಷಧ, ಯಂತ್ರ, ಹಡಗು, ಗಾಳಿಯಂತ್ರ ಮುಂತಾದ ಕೈಗಾರಿಕೆಗಳಲ್ಲಿಯೂ ಶಾಲೆ ಆಸ್ಪತ್ರೆಗಳಲ್ಲಿಯೂ ಕೆಲಸವಿರುತ್ತದೆ. ಆದಕಾರಣ ಅವರ ಈಗಿನ ಐಶ್ವರ್ಯವೆಲ್ಲಾ ಹಸುವಿನಿಂದಲೇ ಬಂದಿತೆಂದು ಹೇಳುವುದು ತಪ್ಪು. ಆದರೆ ಅಡಿಪಾಯವನ್ನು ಹಾಕಿದವರು ರೈತರೇ.

ಡೆನ್ಮಾರ್ಕಿನವರು ಏಳಿಗೆಗೆ ಬಂದ ರೀತಿ

೧೭೮೮ರವರೆಗೂ ಡೆನ್ಮಾರ್ಕಿನ ಒಕ್ಕಲು ಗಂಡಸರು ತಾವು ಹುಟ್ಟಿದ ಜಹಗೀರಿಯನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವಿಲ್ಲದವರಾಗಿದ್ದರು. ಆ ವರ್ಷ ಈ ಕಟ್ಟು ತೆಗೆಯಲ್ಪಟ್ಟಿತು. ತರುವಾಯ ಅನೇಕರು ಕ್ರಮವಾಗಿ ಕ್ರಯಕೊಟ್ಟು ತಾವು ಉಳುವ ನೆಲಕ್ಕೆ ಒಡೆಯರಾದರು. ೧೮೧೪ರಲ್ಲಿ ಮಕ್ಕಳೆಲ್ಲರೂ ಏಳು ವರ್ಷ ವಿದ್ಯೆ ಕಲಿಯಬೇಕೆಂಬ ಕಾಯಿದೆಯಾಯಿತು. ೧೮೪೪ರಲ್ಲಿ ಗ್ರುಂಟ್ವಿಗ್ ಎಂಬ ವಿದ್ವಾಂಸರ ಅಭಿಪ್ರಾಯಗಳನ್ನನುಸರಿಸಿ ರೋಡಿಂಗ್ ಎಂಬಲ್ಲಿ, ರೈತರ ಪ್ರಾಯದ ಮಕ್ಕಳಿಗಾಗಿ ಮೊದಲನೆಯ ಜನತಾ ವಿದ್ಯಾಲಯವು ಏರ್ಪಟ್ಟಿತು. ಪರೀಕ್ಷೆಯೂ ಪದವಿಯೂ ಇಲ್ಲದ ಈ ಶಾಲೆಗಳಲ್ಲಿ ಯುವಕರು ಒಟ್ಟಿಗೆ ವಾಸಮಾಡಿ, ದೇಶದ ಚರಿತ್ರೆಯನ್ನು ಕೇಳಿ, ಸಭೆಯಲ್ಲಿ ಮಾತನಾಡುವುದನ್ನು ಕಲಿತು ಹಳ್ಳಿಗೆ ಹಿಂತಿರುಗುತ್ತಿದ್ದರು. ನಮ್ಮ ಮೈಸೂರು ಸೀಮೆಯಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ಸ್ಥಾಪಿಸಿದ ವಿದ್ಯಾಪೀಠಗಳಿಗೆ ಮಾದರಿಯಾದದ್ದು ಈ ಶಾಲೆಗಳೇ.

೧೮೬೪ರ ಯುದ್ಧದಲ್ಲಿ ಸೋತ ಡೆನ್ಮಾರ್ಕ್, ತನ್ನ ಸೀಮೆಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಕಳೆದುಕೊಂಡಿತು. ಅದಾದ ಮೇಲೆ, ೧೮೭೦ರ ದಶಕದಲ್ಲಿ, ಅಮೆರಿಕ ಮತ್ತು ರಷ್ಯ ದೇಶಗಳಿಂದ ಅಗ್ಗದ ಗೋಧಿಯು ರೈಲು ಹಡಗುಗಳ ಮೂಲಕ ಯೂರೋಪಿಗೆ ತುಂಬಿ ಬಂದು ಧಾನ್ಯದ ಧಾರಣೆಯು ಬಿದ್ದುಹೋಯಿತು. ಧಾನ್ಯವನ್ನು ಮಾರಿ ಬಾಳುತ್ತಿದ್ದ ಡೆನ್ಮಾರ್ಕಿನ ರೈತರಿಗೆ ಇದು ದೊಡ್ಡ ಪೆಟ್ಟು. ಬೇರೆ ಕೆಲವು ದೇಶಗಳು ಸುಂಕವನ್ನು ಹಾಕಿ ಹೊರಗಿನ ಧಾನ್ಯವನ್ನು ತಡೆದವು. ಡೆನ್ಮಾರ್ಕಿನವರು ಹಾಗೆ ಮಾಡದೆ, ಅಗ್ಗವಾದ ಧಾನ್ಯವನ್ನು ದನ, ಹಂದಿ, ಕೋಳಿಗಳಿಗೆ ತಿನ್ನಿಸಿ, ಬೆಲೆಬಾಳುವ ಬೆಣ್ಣೆ, ಹಂದಿಮಾಂಸ, ಮೊಟ್ಟೆಗಳನ್ನು ಇಂಗ್ಲೆಂಡಿಗೆ ಮಾರಲು ಮೊದಲುಮಾಡಿದರು. ಮಾರುವ ಪದಾರ್ಥವೇ ಬದಲಾದುದರಿಂದ ನಷ್ಟಕ್ಕೆ ಕಾರಣವಾಗಿದ್ದುದು ಲಾಭಕ್ಕೆ ಕಾರಣವಾಯಿತು.

ಸಂಘದ ಕಟ್ಟುಪಾಡು

ಆದರೆ ಎರಡು ಮೂರು ಹಸುಗಳ ರೈತನು ಮನೆಯಲ್ಲಿ ಕಡೆದ ಬೆಣ್ಣೆಗೆ ಲಂಡನ್ನಿನಲ್ಲಿ ಬೆಲೆ ಬರುವುದು ಹೇಗೆ? ಹಾಲಿನಿಂದ ಕೆನೆಯನ್ನು ಬೇರ್ಪಡಿಸುವ ಯಂತ್ರವು ಆಗ ತಾನೇ ಬಂದಿತ್ತು. ಅದನ್ನು ಕೊಳ್ಳುವ ಶಕ್ತಿಯು ಒಬ್ಬನಿಗಿರಲಿಲ್ಲ. ೧೮೮೨ರಲ್ಲಿ ಪಶ್ಚಿಮ ಜಟ್ಲೆಂಡಿನ ಯೆಡ್ಡಿಂಗ್ ಎಂಬ ಹಳ್ಳಿಯ ರೈತರು ಕೂಡಿ ಮೊದಲನೆಯ ಸಹಕಾರ ಹಾಲಿನ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೦೦ರ ವೇಳೆಗೆ ಇಂತಹವು ಸಾವಿರವನ್ನು ಮೀರಿದವು. ಇವುಗಳ ಕಟ್ಟುಪಾಡುಗಳನ್ನು ಗಮನವಿಟ್ಟು ನೋಡತಕ್ಕದ್ದು:

೧. ಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಹಾಲೆಲ್ಲವನ್ನೂ ಸಂಘಕ್ಕೇ ಹಾಕುವುದಾಗಿ ಸದಸ್ಯರು ಕೆಲವು ವರ್ಷಗಳ ಕರಾರನ್ನು ಬರೆದುಕೊಡುತ್ತಿದ್ದರು. ಹೊರಗಿನವನು ಒಂದು ಕಾಸು ಹೆಚ್ಚು ಕೊಟ್ಟನೆಂದು ಸಂಘವನ್ನು ಬಿಡುವ ಹಾಗಿರಲಿಲ್ಲ.

೨. ಕಾರ್ಖಾನೆಯ ಸಾಲಕ್ಕೆ ಸದಸ್ಯರೆಲ್ಲರೂ ಒಟ್ಟಾಗಿ ಜವಾಬ್ದಾರರಾಗಿದ್ದರು.

೩. ಒಬ್ಬನಿಗೆ ಒಂದೇ ಮತ. ಐವತ್ತು ಹಸುಗಳ ಯಜಮಾನನಿಗೂ ಎರಡು ಹಸುಗಳ ಬಡವನಿಗೂ ಸಭೆಯಲ್ಲಿ ಸಮಾನ ಅಧಿಕಾರ. ಮತವು ಮನುಷ್ಯರ ತಲೆಯೆಣಿಕೆಯಿಂದ, ದನಗಳ ತಲೆಯೆಣಿಕೆಯಿಂದಲ್ಲ.

೪. ಹಾಲಿನಲ್ಲಿರುವ ಜಿಡ್ಡಿನ ಅಂಶವನ್ನು ಪರೀಕ್ಷಿಸಿ ಅದಕ್ಕೆ ತಕ್ಕ ಬೆಲೆಯನ್ನು ಕೊಡುವ ಕ್ರಮವು ಬಳಕೆಗೆ ಬಂದಿತು. ನೀರು ಬೆರಸಿದವನಿಗೆ ತಾನಾಗಿಯೇ ನಷ್ಟ.

೫. ಕೆನೆ ತೆಗೆದ ಹಾಲು ರೈತನಿಗೆ ಹಿಂತಿರುಗುತ್ತಿತ್ತು. ಅದು ಹಂದಿಗಳ ಆಹಾರವಾಗಿ ೧೮೮೭ರಲ್ಲಿ ಹೋರ್ಸೆನ್ಸ್ ಪಟ್ಟಣದಲ್ಲಿ ಮೊದಲಾದ ಸಹಕಾರ ಮಾಂಸದ ಕಾರ್ಖಾನೆಗೆ ಆಧಾರವಾಯಿತು.

೧೮೯೫ರಲ್ಲಿ ಏರ್ಪಟ್ಟ ಮೊಟ್ಟೆಗಳ ಸಂಘವು ಪ್ರತಿಯೊಂದು ಮೊಟ್ಟೆಯ ಮೇಲೂ ಅದನ್ನು ಕೊಟ್ಟವನ ಗುರುತಿನ ಅಂಕಿಯನ್ನು ಒತ್ತಿಸುತ್ತಿತ್ತು. ಕೊಳೆತ ಮೊಟ್ಟೆ ಬಂದರೆ ಅದು ಯಾರದೆಂದು ಕೂಡಲೆ ತಿಳಿಯುತ್ತಿತ್ತು. ಅದೇ ವರ್ಷ ಪ್ರತಿ ಹಸುವಿನ ಹಾಲು, ಜಿಡ್ಡು, ಮೇವುಗಳ ಲೆಕ್ಕವನ್ನಿಡುವ ಪರೀಕ್ಷಾ ಸಂಘವೂ ವೆಯೆನ್ ಎಂಬಲ್ಲಿ ಹುಟ್ಟಿತು. ಯಾವ ಹಸು ತನ್ನ ಮೇವಿನ ಖರ್ಚನ್ನೂ ತೀರಿಸುವುದಿಲ್ಲವೆಂಬುದು ಇದರಿಂದ ರೈತನಿಗೆ ಗೊತ್ತಾಯಿತು.

ನಮ್ಮ ದೇಶದ ಸಂಗತಿ

ಸಹಕಾರವು ನಮಗೆ ಹೊಸದಲ್ಲ. ೧೯೦೫ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘವು ಹುಟ್ಟಿತು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ರೆಗ್ಯುಲೇಷನ್ ಜಾರಿಗೆ ಬಂದಿತು. ೧೯೪೬ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಆನಂದದಲ್ಲಿ ಹಾಲಿನ ಒಕ್ಕೂಟವನ್ನು ಕಟ್ಟಿದರು. ಆ ಮಾದರಿಯನ್ನು ದೇಶಕ್ಕೆಲ್ಲಾ ಹಬ್ಬಿಸುವುದಕ್ಕಾಗಿ ೧೯೬೫ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಲಿಯು ಸ್ಥಾಪಿತವಾಯಿತು. ೧೯೯೮ರಿಂದ ಲೋಕದಲ್ಲಿ ಅತಿ ಹೆಚ್ಚು ಹಾಲನ್ನು ಕರೆಯುವ ದೇಶ ನಮ್ಮದೇ ಆಗಿರುತ್ತದೆ. ೨೦೨೩-೨೪ರಲ್ಲಿ ಈ ಹಾಲು ಸುಮಾರು ೨೪ ಕೋಟಿ ಟನ್ನುಗಳಷ್ಟಿತ್ತು. ಡೆನ್ಮಾರ್ಕಿನದು ವರ್ಷಕ್ಕೆ ೬೦ ಲಕ್ಷ ಟನ್ನುಗಳಿಗೂ ಕಡಿಮೆ.

ಆದರೆ ಒಂದೊಂದು ಹಸುವಿನ ಲೆಕ್ಕವನ್ನು ತೆಗೆದುಕೊಂಡರೆ ಪಾಡು ಬೇರೆ. ಡೆನ್ಮಾರ್ಕಿನ ಹಸುವೊಂದು ವರ್ಷಕ್ಕೆ ಸುಮಾರು ೧೦,೦೦೦ ಕಿಲೋ ಹಾಲು ಕೊಡುತ್ತದೆ. ನಮ್ಮಲ್ಲಿ ಕರೆಯುವ ನಾಟಿ ಹಸು ಸರಾಸರಿಯಾಗಿ ದಿನಕ್ಕೆ ಮೂರು ನಾಲ್ಕು ಕಿಲೋ, ಮಿಶ್ರತಳಿಯದು ಎಂಟು ಒಂಬತ್ತು ಕಿಲೋ ಕೊಡುತ್ತದೆ. ಇದನ್ನು ಕೇಳಿ ನಮ್ಮ ಹಸುವನ್ನು ಹೀನವೆಂದು ತಿಳಿಯಬಾರದು. ಅಲ್ಲಿಯ ಹಸು ತಿನ್ನುವ ಹಿಂಡಿಯಲ್ಲಿ ದಕ್ಷಿಣ ಅಮೆರಿಕದಿಂದ ತರಿಸಿದ ಸೋಯಾ ಸೇರಿರುತ್ತದೆ. ನಮ್ಮದು ರಾಗಿ ಹುಲ್ಲನ್ನೂ ಬದುವಿನ ಹಸಿರನ್ನೂ ತಿಂದು ಬಿಸಿಲನ್ನು ತಡೆದು ಬದುಕುತ್ತದೆ. ಎರಡರ ಖರ್ಚನ್ನೂ ಹುಟ್ಟುವಳಿಯನ್ನೂ ಎದುರೆದುರಿಗೆ ಇಟ್ಟು ತೂಗತಕ್ಕದ್ದು.

ಅನುಕರಿಸಬಾರದ ಸಂಗತಿಗಳು

ಡೆನ್ಮಾರ್ಕಿನ ಸ್ಥಿತಿಯಲ್ಲಿ ಕುಂದುಗಳಿಲ್ಲವೆಂದು ಭಾವಿಸಬಾರದು. ಯೆಡ್ಡಿಂಗಿನ ಕಾಲದ ಎರಡು ಮೂರು ಹಸುಗಳ ರೈತನು ಈಗ ಅಲ್ಲಿ ಇಲ್ಲವೆಂದೇ ಹೇಳಬಹುದು. ೧೯೫೦ರ ಸುಮಾರಿನಲ್ಲಿ ಎರಡು ಲಕ್ಷದಷ್ಟಿದ್ದ ಒಕ್ಕಲುಗಳು ಈಗ ಕೆಲವು ಹತ್ತು ಸಾವಿರಗಳಿಗೆ ಇಳಿದಿವೆ. ಒಂದೊಂದು ಹೈನಿನ ಕೊಟ್ಟಿಗೆಯಲ್ಲಿ ಸರಾಸರಿ ಇನ್ನೂರಕ್ಕೂ ಹೆಚ್ಚು ಹಸುಗಳಿರುತ್ತವೆ. ಅವುಗಳ ಜೊತೆಗೆ ಯಜಮಾನನ ತಲೆಯ ಮೇಲೆ ಭಾರಿ ಸಾಲವೂ ಇರುತ್ತದೆ. ಗೊಬ್ಬರದ ಅತಿಬಳಕೆಯಿಂದ ಅಂತರ್ಜಲಕ್ಕೂ ಕಡಲತಡಿಯ ನೀರಿಗೂ ಕೆಡುಕಾಗಿರುತ್ತದೆ. ೨೦೩೦ರಿಂದ ಜಾನುವಾರುಗಳು ಬಿಡುವ ಅನಿಲದ ಮೇಲೆ ತೆರಿಗೆ ಹಾಕಬೇಕೆಂದು ೨೦೨೪ರಲ್ಲಿ ಆ ದೇಶವು ನಿಶ್ಚಯಿಸಿತು. ನೆಲವನ್ನು ಬಿಟ್ಟ ರೈತನಿಗೆ ಅಲ್ಲಿ ಬೇರೆ ಕಸುಬು ಕಾದಿತ್ತು. ನಮ್ಮಲ್ಲಿ ಹಾಗೆ ಕಾದಿರುವ ಕಸುಬುಗಳು ಇನ್ನೂ ಸಾಲವು. ಆದಕಾರಣ ಸಣ್ಣ ಹಿಡುವಳಿದಾರನನ್ನು ನೆಲದಿಂದ ಎಬ್ಬಿಸಿ ದೊಡ್ಡ ಕೊಟ್ಟಿಗೆಗಳನ್ನು ಕಟ್ಟಿದರೆ ಏಳಿಗೆಯಾಗುವುದೆಂಬ ಮಾತು ನಮಗೆ ಹೊಂದುವುದಿಲ್ಲ. ಸಾಲ ತೆಗೆದು ಬೆಲೆಬಾಳುವ ಹಸುವನ್ನು ಕೊಳ್ಳುವವರು ಮೊದಲು ತಮ್ಮ ನೀರನ್ನೂ ಮೇವನ್ನೂ ಅಳೆದುಕೊಳ್ಳತಕ್ಕದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಗ್ರಾಮದಲ್ಲಿ ಮಾಡತಕ್ಕದ್ದು

ಡೆನ್ಮಾರ್ಕಿನಿಂದ ತರಬಹುದಾದದ್ದು ಹಸುವೂ ಅಲ್ಲ, ಯಂತ್ರವೂ ಅಲ್ಲ, ಕಟ್ಟುಪಾಡು. ಇದಕ್ಕೆ ಹೆಚ್ಚು ಹಣ ಬೇಕಾಗಿಲ್ಲ.

ಹಾಲಿನ ಸಂಘದಲ್ಲಿ ಅಳತೆಯೂ ಜಿಡ್ಡಿನ ಪರೀಕ್ಷೆಯೂ ಹಾಲು ತಂದವರ ಕಣ್ಣೆದುರಿಗೇ ನಡೆಯಬೇಕು; ಬಟವಾಡೆಯು ಗೊತ್ತಾದ ದಿನದಲ್ಲಿಯೇ ಆಗಬೇಕು. ವಾರ್ಷಿಕ ಸಭೆಯಲ್ಲಿ ಜಮಾ ಖರ್ಚನ್ನು ಎಲ್ಲರಿಗೂ ತಿಳಿಯುವಂತೆ ಗಟ್ಟಿಯಾಗಿ ಓದಿ ಹೇಳಬೇಕು. ದನದ ಆರೈಕೆಯಲ್ಲಿ ಬಹುಪಾಲನ್ನು ಮಾಡುವವರು ಹೆಂಗಸರಾದ್ದರಿಂದ ಸದಸ್ಯತ್ವವೂ ಹಣವೂ ಅವರ ಹೆಸರಿಗೇ ಸಲ್ಲುವುದು ನ್ಯಾಯ. ಪ್ರತಿಯೊಬ್ಬರೂ ಒಂದು ಪುಸ್ತಕದಲ್ಲಿ ಹಸುವಿನ ಹಾಲನ್ನೂ ಹಿಂಡಿಯ ಖರ್ಚನ್ನೂ ವಾರಕ್ಕೊಮ್ಮೆಯಾದರೂ ಬರೆದಿಡಬೇಕು. ಶಾಲೆಗೆ ಹೋಗುವ ಮಗನೋ ಮಗಳೋ ಇದನ್ನು ಮಾಡಬಲ್ಲರು. ನೀರಿರುವವರು ಕೆಲವು ಗುಂಟೆಗಳಲ್ಲಿ ನೇಪಿಯರ್ ಹುಲ್ಲನ್ನಾಗಲಿ ಬೇರೆ ಹಸಿರು ಮೇವನ್ನಾಗಲಿ ಬೆಳೆದರೆ ಹಿಂಡಿಯ ಖರ್ಚು ಇಳಿಯುವುದು. ಒಂದು ಪದಾರ್ಥದ ಧಾರಣೆ ಬಿದ್ದಾಗ, ಅದನ್ನೇ ಮತ್ತೊಂದು ರೂಪದಲ್ಲಿ ಮಾರಬಹುದೇ ಎಂದು ಸಂಘದಲ್ಲಿ ಕೂಡಿ ಆಲೋಚಿಸಬೇಕು.

ಗ್ರಾಮದ ಮುಖಂಡರ ಮೇಲೆ ಇರುವ ಹೊಣೆಯು ಎಲ್ಲಕ್ಕಿಂತಲೂ ದೊಡ್ಡದು. ಸಂಘದಲ್ಲಿ ಹತ್ತು ಹಸುಗಳವನ ಮಾತಿಗೆ ಇರುವಷ್ಟೇ ಬೆಲೆಯು ಒಂದು ಹಸುವಿನ ವಿಧವೆಯ ಮಾತಿಗೂ ಇರುವಂತೆ ಅವರು ನೋಡಿಕೊಳ್ಳಬೇಕು. ಅವಳು ತಂದ ಒಂದು ಸೇರು ಹಾಲಿಗೆ ಸರಿಯಾದ ಅಳತೆ, ಸರಿಯಾದ ಬೆಲೆ ದೊರೆಯುವ ಊರಿನಲ್ಲಿ ಸಂಘವು ನಿಲ್ಲುತ್ತದೆ. ದೊರೆಯದ ಊರಿನಲ್ಲಿ ಸರ್ಕಾರದ ಸಹಾಯವೆಷ್ಟಿದ್ದರೂ ಅದು ಮುರಿದುಬೀಳುತ್ತದೆ.